ಕ್ರಿಸ್ಮಸ್ ಕೇಕ್ ಸಾಮಾನು: ಯಾವುದನ್ನು ಈಗಲೇ ತರಬೇಕು, ಯಾವುದಕ್ಕೆ ಕಾಯಬೇಕು

ಪ್ರಶ್ನೆ: ನಾನು ಮಂಡ್ಯದಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ. ಈ ಸಲ ಕ್ರಿಸ್ಮಸ್‌ಗೆ ಸುಮಾರು 20 ಕೆಜಿ ಪ್ಲಮ್ ಕೇಕ್‌ಗೆ ಆರ್ಡರ್ ಬರಬಹುದು. ಡಿಸೆಂಬರ್‌ನಲ್ಲಿ ಮೈಸೂರಿಗೆ ಓಡಾಡಲು ಪುರುಸೊತ್ತು ಸಿಗುವುದಿಲ್ಲ. ದೀಪಾವಳಿ ಮುಗಿಯಿತಲ್ಲ, ಈಗಲೇ ಒಂದು ದಿನ ಹೋಗಿ ಎಲ್ಲ ಸಾಮಾನನ್ನೂ ತಂದಿಡೋಣ ಅಂದುಕೊಂಡಿದ್ದೇನೆ. ಆದರೆ ಹೋದ ವರ್ಷ ಹೀಗೇ ಮಾಡಿದ್ದಕ್ಕೆ ಮೈದಾದಲ್ಲಿ ಹುಳು ಬಿತ್ತು, ಅಕ್ರೋಟು ಕಹಿಯಾಯಿತು, ಎರಡು ಕೇಕ್ ಉಬ್ಬಲೇ ಇಲ್ಲ. ಮನೆಯಲ್ಲಿ ಇರುವುದು ಸಿಂಗಲ್ ಡೋರ್ ಫ್ರಿಜ್. ಯಾವುದನ್ನು ಮೊದಲು ತರಬೇಕು, ಹೇಗೆ ಇಡಬೇಕು?

ಉತ್ತರ: ಬೇಗ ತರುವುದು ಒಳ್ಳೆಯ ಯೋಚನೆ. ಎಲ್ಲವನ್ನೂ ಒಂದೇ ದಿನ ತರುವುದು ಮಾತ್ರ ಬೇಡ.

ನಿಮಗೆ ಆದ ಮೂರು ತೊಂದರೆಗೂ ಮೂರು ಬೇರೆ ಕಾರಣಗಳಿವೆ. ಮೈದಾದ ಹುಳು ಸಾಮಾನ್ಯವಾಗಿ ನಿಮ್ಮ ಡಬ್ಬಿಯಲ್ಲಿ ಹುಟ್ಟಿದ್ದಲ್ಲ, ಅದರ ಮೊಟ್ಟೆ ಅಂಗಡಿಯಿಂದ ಬರುವಾಗಲೇ ಹಿಟ್ಟಿನೊಳಗೆ ಇರುತ್ತದೆ. ಅಕ್ರೋಟಿನಲ್ಲಿ ಇರುವ ಎಣ್ಣೆ ಗಾಳಿಗೂ ಬಿಸಿಗೂ ಸಿಕ್ಕಿ ಕಮಟಾಗಿದೆ. ಕೇಕ್ ಉಬ್ಬದಿರಲು ಬಹುಪಾಲು ಬೇಕಿಂಗ್ ಪೌಡರ್ ಕಾರಣ. ಅದು ತೇವ ಹೀರಿ ಡಬ್ಬಿಯೊಳಗೇ ತನ್ನ ಕೆಲಸ ಮುಗಿಸಿರುತ್ತದೆ. ಅಂದರೆ ಒಂದು ಸಾಮಾನು ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೆ ಪ್ಯಾಕೆಟ್ ಮೇಲಿನ ತಾರೀಖು ನೋಡಿದರೆ ಸಾಲದು. ಅದರಲ್ಲಿ ಎಣ್ಣೆ ಎಷ್ಟಿದೆ, ಅದು ತೇವ ಎಳೆದುಕೊಳ್ಳುತ್ತದಾ, ಇಡಿಯಾಗಿದೆಯಾ ಪುಡಿಯಾಗಿದೆಯಾ, ಇದನ್ನೇ ನೋಡಬೇಕು. ನಮ್ಮ ಕಡೆ ಹಿಂದೆ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರಲ್ವಾ, ಅದು ಇಡೀ ಕಾಳು, ಒಳಗೆ ಗಾಳಿ ಆಡುತ್ತಿರಲಿಲ್ಲ, ಅದಕ್ಕೇ ಬಾಳುತ್ತಿತ್ತು. ಅದೇ ರಾಗಿಯನ್ನು ಬೀಸಿದ ಮೇಲೆ ಯಾರೂ ವರ್ಷ ಇಡುತ್ತಿರಲಿಲ್ಲ. ನಿಮ್ಮ ಕೇಕ್ ಸಾಮಾನಿಗೂ ಇದೇ ಲೆಕ್ಕ.

ಮೊದಲು ಎಷ್ಟು ಬೇಕು ಅಂತ ನೋಡೋಣ, ಯಾಕೆಂದರೆ ಜಾಸ್ತಿ ಜನ ಅಳತೆ ಹಾಕದೆ ಅಂಗಡಿಗೆ ಹೋಗುತ್ತಾರೆ. ಬೆಂದ ಮೇಲೆ ಒಂದು ಕೆಜಿ ತೂಗುವ ಪ್ಲಮ್ ಕೇಕ್‌ಗೆ ನಾನು ಹೇಳಿಕೊಡುವ ಅಳತೆ ಇಷ್ಟು: ಮೈದಾ 220 ಗ್ರಾಂ, ಬೆಣ್ಣೆ 200, ಕ್ಯಾರಮೆಲ್‌ಗೆ ಸುಡುವುದೂ ಸೇರಿ ಸಕ್ಕರೆ 200, ಮೊಟ್ಟೆ 4, ನೆನೆಸಿದ ಹಣ್ಣು 300, ಬೀಜಗಳು 60, ಬೇಕಿಂಗ್ ಪೌಡರ್ ಒಂದು ಟೀ ಚಮಚ. ಬೇಯುವಾಗ ನೀರಿನ ಅಂಶ ಹೋಗಿ ತೂಕ ಒಂದು ಕೆಜಿ ಹತ್ತಿರಕ್ಕೆ ಬರುತ್ತದೆ. ಇದನ್ನು 20ರಿಂದ ಗುಣಿಸಿದರೆ ಮೈದಾ ನಾಲ್ಕೂವರೆ ಕೆಜಿ, ಬೆಣ್ಣೆ 4, ಸಕ್ಕರೆ 4, ನೆನೆಸಿದ ಹಣ್ಣು 6, ಬೀಜಗಳು ಒಂದೂಕಾಲು ಕೆಜಿ, ಮೊಟ್ಟೆ 80. ಬೇಕಿಂಗ್ ಪೌಡರ್ ಎಷ್ಟು ಗೊತ್ತಾ? ಬರೀ 80 ಗ್ರಾಂ. ಒಂದು 100 ಗ್ರಾಂ ಡಬ್ಬಿ ಸಾಕು. ಸಗಟು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಒಂದು ಕೆಜಿ ಪ್ಯಾಕೆಟ್ ತಂದು ಅದನ್ನು ಎರಡು ವರ್ಷ ಬಳಸುವವರನ್ನು ನಾನು ತುಂಬಾ ನೋಡಿದ್ದೇನೆ, ಅವರ ಕೇಕೇ ಉಬ್ಬುವುದಿಲ್ಲ.

ಈಗಲೇ ತರಬೇಕಾದ್ದರಲ್ಲಿ ಮೊದಲನೆಯದು ತಿನ್ನುವ ಸಾಮಾನೇ ಅಲ್ಲ. ಕೇಕ್ ಬಾಕ್ಸ್, ಕೇಕಿನ ಕೆಳಗೆ ಇಡುವ ಬೋರ್ಡ್, ಬಟರ್ ಪೇಪರ್, ಅಲ್ಯೂಮಿನಿಯಂ ಫಾಯಿಲ್, ರಿಬ್ಬನ್. ಇವು ಕೆಡುವುದಿಲ್ಲ, ಆದರೆ ಡಿಸೆಂಬರ್ ಎರಡನೇ ವಾರ ನಿಮಗೆ ಬೇಕಾದ ಸೈಜ್ ಖಾಲಿಯಾಗಿರುತ್ತದೆ, ಆಮೇಲೆ ಒಂದು ಕೆಜಿ ಕೇಕನ್ನು ಎರಡು ಕೆಜಿ ಬಾಕ್ಸ್‌ನಲ್ಲಿ ಇಟ್ಟು ಕೊಡಬೇಕಾಗುತ್ತದೆ. ಬಾಕ್ಸ್‌ಗಳನ್ನು ಪೂಜೆ ಕೋಣೆ ಪಕ್ಕ ಮಾತ್ರ ಇಡಬೇಡಿ. ರಟ್ಟು ಅಗರಬತ್ತಿ ವಾಸನೆ ಹಿಡಿದರೆ ಬಿಡುವುದಿಲ್ಲ.

ಎರಡನೆಯದು ಒಣಹಣ್ಣು. ಇದನ್ನು ಈಗಲೇ ತನ್ನಿ, ಈ ವಾರವೇ ನೆನೆಹಾಕಿ. ದೀಪಾವಳಿ ಮುಗಿದ ಮೇಲೆ ಕೊಳ್ಳುತ್ತಿರುವುದೂ ಒಳ್ಳೆಯದೇ ಆಯಿತು, ಹಬ್ಬದ ಮುಂಚೆ ಗಿಫ್ಟ್ ಬಾಕ್ಸ್‌ಗಳ ಬೇಡಿಕೆಗೆ ದರ ಏರಿರುತ್ತದೆ. ಆದರೆ ಹಬ್ಬದ ನಂತರ ರಿಯಾಯಿತಿ ಅಂತ ಮಾರುವ ಮಿಕ್ಕ ಗಿಫ್ಟ್ ಬಾಕ್ಸ್‌ಗಳನ್ನು ಮಾತ್ರ ಕೊಳ್ಳಬೇಡಿ. ಅದರಲ್ಲಿರುವ ಗೋಡಂಬಿ, ಬಾದಾಮಿ ಯಾವಾಗ ತುಂಬಿದ್ದೋ, ಅಂಗಡಿ ಲೈಟಿನ ಬಿಸಿಯಲ್ಲಿ ಎಷ್ಟು ದಿನ ಕೂತಿತ್ತೋ ಯಾರಿಗೂ ಗೊತ್ತಿರುವುದಿಲ್ಲ. ಮೈಸೂರಿನ ಸಂತೆಪೇಟೆಯ ಸಗಟು ಅಂಗಡಿಗಳಲ್ಲಿ ಮೂಟೆಯಿಂದ ತೂಗಿ ಕೊಡುವ ಕಡೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ.

ದ್ರಾಕ್ಷಿ ಹೇಗೆ ನೋಡಬೇಕು ಅಂದರೆ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ. ಒಳ್ಳೆಯ ದ್ರಾಕ್ಷಿ ಒಂದಕ್ಕೊಂದು ಸ್ವಲ್ಪ ಅಂಟಿ ಆಮೇಲೆ ಬಿಡಿಬಿಡಿಯಾಗುತ್ತದೆ. ಉಂಡೆ ಕಟ್ಟಿದರೆ ತೇವ ಜಾಸ್ತಿ ಇದೆ. ಕಲ್ಲಿನ ಹಾಗೆ ಉದುರಿದರೆ ತುಂಬಾ ಹಳೆಯದು. ವಿಜಯಪುರ, ನಾಸಿಕ್, ಸಾಂಗ್ಲಿ ಕಡೆ ದ್ರಾಕ್ಷಿ ಕೊಯ್ಲು ವರ್ಷದ ಮೊದಲ ತಿಂಗಳುಗಳಲ್ಲಿ, ಹೊಸ ಒಣದ್ರಾಕ್ಷಿ ಬರುವುದು ಬೇಸಿಗೆಗೆ. ಈಗ ಸಿಗುವುದು ಕೋಲ್ಡ್ ಸ್ಟೋರೇಜ್‌ನಿಂದ ಬಂದ ಸರಕು. ಅದರಿಂದ ತೊಂದರೆ ಇಲ್ಲ, ನೆನೆಸಿದರೆ ಮತ್ತೆ ಮೆತ್ತಗಾಗುತ್ತದೆ. ಮೇಲೆ ಬಿಳಿ ಚುಕ್ಕಿ ಕಂಡರೆ ಬೆರಳಲ್ಲಿ ಉಜ್ಜಿ. ಗರಗರ ಅಂದರೆ ಸಕ್ಕರೆ ಹರಳು, ಪರವಾಗಿಲ್ಲ. ನೂಲಿನ ಹಾಗೆ ಎಳೆ ಬಂದರೆ ಅಥವಾ ಮುಗ್ಗಲು ವಾಸನೆ ಬಂದರೆ ಆ ಮೂಟೆಯ ಹತ್ತಿರ ಹೋಗಬೇಡಿ.

ನಿಮಗೆ ಬೇಕಾದ 6 ಕೆಜಿ ನೆನೆದ ಹಣ್ಣಿಗೆ ಒಣಗಿದ್ದು ನಾಲ್ಕೂವರೆ ಕೆಜಿ ಸಾಕು, ಉಳಿದ ತೂಕ ರಮ್‌ನದು. ಕಪ್ಪು ದ್ರಾಕ್ಷಿ, ಹಸಿರು ದ್ರಾಕ್ಷಿ, ಕಿತ್ತಳೆ ಸಿಪ್ಪೆ, ಸಕ್ಕರೆ ಹಾಕಿದ ಶುಂಠಿ, ಚೆರ್ರಿ ಎಲ್ಲ ಸೇರಿ ಅಷ್ಟು. 750 ಎಂಎಲ್‌ನ ಎರಡು ಬಾಟಲಿ ರಮ್ ಬೇಕಾಗುತ್ತದೆ. ನಮ್ಮಲ್ಲಿ ಸಿಗುವ ರಮ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಶೇ 42.8 ಇರುತ್ತದೆ, ಹಣ್ಣು ಪೂರ್ತಿ ಅದರಲ್ಲಿ ನೆಂದಿದ್ದರೆ ಬೂಷ್ಟು ಹಿಡಿಯುವ ಭಯ ಇಲ್ಲ. ದ್ರಾಕ್ಷಿ ತೊಳೆಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ತೊಳೆಯಿರಿ, ಆದರೆ ನೀರು ಪೂರ್ತಿ ಹೋಗುವವರೆಗೆ ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ರಾತ್ರಿಯೆಲ್ಲ ಬಿಡಿ. ಹಿಂಗಾರು ಮಳೆ ಇನ್ನೂ ಇದ್ದರೆ ಮಹಡಿ ಮೇಲೆ ಒಣಗಿಸಲು ಹೋಗಬೇಡಿ. ಹಣ್ಣಿನ ಮೇಲೆ ಉಳಿಯುವ ನೀರು ರಮ್ಮನ್ನು ತೆಳು ಮಾಡುತ್ತದೆ, ಕೆಡುವುದು ಅಲ್ಲಿಂದಲೇ ಶುರುವಾಗುತ್ತದೆ.

ಗಾಜಿನ ಜಾಡಿಯಲ್ಲಿ ಹಾಕಿ. ಉಪ್ಪಿನಕಾಯಿ ಹಾಕಿದ್ದ ಜಾಡಿ ಎಷ್ಟು ತೊಳೆದರೂ ಬೇಡ. ಮೊದಲ ವಾರ ಹಣ್ಣು ರಮ್ಮನ್ನು ಕುಡಿಯುತ್ತಲೇ ಇರುತ್ತದೆ, ಮೇಲಿನ ಪದರ ಒಣಗಿದ್ದು ಕಂಡರೆ ಇನ್ನಷ್ಟು ಹಾಕಿ, ವಾರಕ್ಕೆರಡು ಸಲ ಜಾಡಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ, ಒದ್ದೆ ಚಮಚ ಮಾತ್ರ ಒಳಗೆ ಬಿಡಬೇಡಿ. ಬೀಜಗಳನ್ನು ಇದರ ಜೊತೆ ನೆನೆಹಾಕುವವರಿದ್ದಾರೆ, ನನಗೆ ಅದು ಇಷ್ಟವಿಲ್ಲ. ತಿಂಗಳು ನೆಂದ ಗೋಡಂಬಿ ಕೇಕ್‌ನಲ್ಲಿ ಮೆತ್ತಗೆ ಸಿಗುತ್ತದೆ, ಕಚ್ಚಿದರೆ ಏನೂ ಇರುವುದಿಲ್ಲ. ಖರ್ಜೂರವೂ ಅಷ್ಟೇ, ಈಗ ಹಾಕಿದರೆ ಡಿಸೆಂಬರ್‌ಗೆ ಕರಗಿ ಪಾಕವಾಗುತ್ತದೆ. ಕೇಕ್ ಮಾಡುವ ಎರಡು ದಿನ ಮುಂಚೆ ಸೇರಿಸಿ. ಟೂಟಿ ಫ್ರೂಟಿ ಬಣ್ಣ ಬಿಡುತ್ತದೆ, ಅದನ್ನು ಕಡೆಗೆ ಹಿಟ್ಟಿಗೇ ಹಾಕಿ. ಅದು ಪರಂಗಿಕಾಯಿಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಮಾಡುವುದು ತಾನೆ, ಮನೆಯಲ್ಲೇ ಮಾಡಿಕೊಂಡರೆ ಬಣ್ಣ ನಿಮ್ಮ ಕೈಯಲ್ಲಿರುತ್ತದೆ.

ಗಿರಾಕಿಗಳಲ್ಲಿ ರಮ್ ಬೇಡ ಅನ್ನುವವರು ಮಂಡ್ಯದಲ್ಲಿ ಜಾಸ್ತಿ ಇರುತ್ತಾರೆ. ಅವರಿಗೆ ಕಿತ್ತಳೆ ರಸದಲ್ಲೋ ದ್ರಾಕ್ಷಿ ರಸದಲ್ಲೋ ನೆನೆಸಿ ಕೊಡಬೇಕು. ಇದನ್ನು ಮಾತ್ರ ಈಗ ನೆನೆಸಲೇಬೇಡಿ. ರಸದಲ್ಲಿ ನೆಂದ ಹಣ್ಣು ಹೊರಗಿಟ್ಟರೆ ಹುಳಿ ಬರುತ್ತದೆ, ಫ್ರಿಜ್‌ನಲ್ಲೂ ಎರಡು ಮೂರು ದಿನದ ಮೇಲೆ ನಾನು ನಂಬುವುದಿಲ್ಲ. ಆ ಪಾಲಿನ ಹಣ್ಣನ್ನು ಒಣಗಿದ್ದಾಗಿಯೇ ಗಾಳಿ ಆಡದ ಡಬ್ಬಿಯಲ್ಲಿ ಇಟ್ಟುಕೊಂಡು, ಕೇಕ್ ಮಾಡುವ ಹಿಂದಿನ ದಿನ ರಸದಲ್ಲಿ ಒಂದು ಕುದಿ ಕುದಿಸಿ ಮುಚ್ಚಿ ತಣ್ಣಗಾಗಲು ಬಿಡಿ, ಆಮೇಲೆ ಫ್ರಿಜ್‌ನಲ್ಲಿ ಇಡಿ. ಬೆಳಗ್ಗೆಗೆ ಚೆನ್ನಾಗಿ ನೆಂದಿರುತ್ತದೆ. ಎರಡು ಬಗೆಯ ಕೇಕ್ ಮಾಡುವುದಾದರೆ ಯಾವುದರಲ್ಲಿ ರಮ್ ಇದೆ ಅಂತ ಬಾಕ್ಸ್ ಮೇಲೆ ಬರೆಯಿರಿ. ಇದರಲ್ಲಿ ಸಡಿಲ ಬಿಡಬೇಡಿ, ಮಕ್ಕಳಿರುವ ಮನೆಗೆ, ಕುಡಿಯದವರ ಮನೆಗೆ ಹೋಗುವ ಕೇಕ್ ಅದು.

ಇದೇ ಓಡಾಟದಲ್ಲಿ ಸಕ್ಕರೆ, ಚಕ್ಕೆ, ಲವಂಗ, ಜಾಯಿಕಾಯಿ, ಕೋಕೋ ಪೌಡರ್, ಮೊಟ್ಟೆ ಇಲ್ಲದ ಕೇಕ್‌ಗೆ ಕಂಡೆನ್ಸ್ಡ್ ಮಿಲ್ಕ್ ಡಬ್ಬಿ ತಂದುಬಿಡಿ. ಮಸಾಲೆ ಇಡಿಯಾಗಿಯೇ ತನ್ನಿ. ಡಿಸೆಂಬರ್‌ನಲ್ಲಿ ಬೇಕಾದಷ್ಟೇ ಪುಡಿ ಮಾಡಿ, ಪುಡಿ ಮಾಡಿಟ್ಟರೆ ಘಮ ಹೋಗುತ್ತದೆ. ಹಾಲಿನ ಡಬ್ಬಿ ಉಬ್ಬಿದ್ದರೆ, ಅಂಚು ಜಜ್ಜಿದ್ದರೆ, ತುಕ್ಕು ಹಿಡಿದಿದ್ದರೆ ಬೇಡ. ಐಸಿಂಗ್ ಶುಗರ್ ಗಂಟು ಕಟ್ಟುತ್ತದೆ, ಅದನ್ನು ಅವತ್ತೇ ಮಿಕ್ಸಿಯಲ್ಲಿ ಮಾಡಿಕೊಳ್ಳಿ.

ಕೋಕೋ, ಚಾಕೊಲೇಟ್ ಬೆಲೆ ನೋಡಿ ಗಾಬರಿಯಾಗಿ ಕೆಲವರು ವರ್ಷಕ್ಕಾಗುವಷ್ಟು ತುಂಬಿಡುತ್ತಿದ್ದಾರೆ. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಕೋಕೋ ದರ ಟನ್ನಿಗೆ 12,000 ಡಾಲರ್ ದಾಟಿತ್ತು. ಹಾಗಂತ ಭಯಕ್ಕೆ ಕೊಳ್ಳಬೇಡಿ. 2025ರಲ್ಲಿ ಆ ದರ ಬಹಳ ಇಳಿಯಿತು, ಸೆಪ್ಟೆಂಬರ್ 22ರಿಂದ ಚಾಕೊಲೇಟ್, ಕೋಕೋ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಎಲ್ಲದರ ಜಿಎಸ್‌ಟಿ ಶೇ 5ಕ್ಕೆ ಬಂತು. ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ಪುತ್ತೂರು ಕಾರ್ಖಾನೆಯಿಂದಲೂ ಅಡುಗೆ ಚಾಕೊಲೇಟ್ ಬರುತ್ತದೆ, ವಿಚಾರಿಸಿ. ಚಾಕೊಲೇಟನ್ನು ಫ್ರಿಜ್‌ನಲ್ಲಿ ಇಡಬೇಡಿ, ನಮ್ಮ ನವೆಂಬರ್ ಡಿಸೆಂಬರ್ ಹವೆಗೆ ಕತ್ತಲೆ ಕಪಾಟು ಸಾಕು. ಮೇಲೆ ಬೂದಿ ಬಣ್ಣ ಬಂದರೆ ಅದು ಸಾಮಾನ್ಯವಾಗಿ ಬೂಷ್ಟಲ್ಲ, ಬಿಸಿ ಚಳಿಯ ಏರುಪೇರಿಗೆ ಒಳಗಿನ ಕೊಬ್ಬು ಮೇಲೆ ಬಂದಿರುತ್ತದೆ. ಕೇಕ್‌ಗೆ ಧಾರಾಳವಾಗಿ ಹಾಕಬಹುದು.

ಬೆಲ್ಲದ ಕೇಕ್ ಮಾಡುತ್ತೀರಾದರೆ ಬೆಲ್ಲ ತುಂಬಿಡುವ ಮಾತೇ ಬೇಡ. ಆಲೆಮನೆಗಳ ನಡುವೆ ಇದ್ದುಕೊಂಡು ಮಂಡ್ಯದವರು ಬೆಲ್ಲ ಯಾಕೆ ದಾಸ್ತಾನು ಮಾಡಬೇಕು? ಮಳೆ ಗಾಳಿಗೆ ಬೆಲ್ಲ ಬೆವರುತ್ತದೆ, ಆಮೇಲೆ ಹುಳಿ ವಾಸನೆ ಬರುತ್ತದೆ. ಬೇಕಾದ ವಾರ ತನ್ನಿ.

ಇನ್ನು ಅಕ್ರೋಟು. ಕಾಶ್ಮೀರದಲ್ಲಿ ಇದರ ಕೊಯ್ಲು ಸೆಪ್ಟೆಂಬರ್ ಆಸುಪಾಸು, ಹೊಸ ಸರಕು ಇಲ್ಲಿಗೆ ಬರುವುದು ಅದಾದ ಮೇಲೆ. ಹಾಗಾಗಿ ಅಂಗಡಿಯವರನ್ನು 'ಹೊಸದಾ, ಹೋದ ವರ್ಷದ್ದಾ' ಅಂತ ನೇರವಾಗಿ ಕೇಳಿ, ಮೊದಲು ಒಂದು ಹೋಳು ಮುರಿದು ತಿನ್ನಿ. ಅಕ್ರೋಟಿನ ಸಿಪ್ಪೆಯಲ್ಲಿ ಒಂದು ಒಗರು ಇದ್ದೇ ಇರುತ್ತದೆ, ಅದು ಕೆಟ್ಟದ್ದಲ್ಲ. ಕೆಟ್ಟದ್ದು ಗೊತ್ತಾಗುವುದು ನುಂಗಿದ ಮೇಲೆ. ಗಂಟಲ ಹತ್ತಿರ ಹಳೆ ಕೊಬ್ಬರಿ ಎಣ್ಣೆಯ ಕಮಟು ನಿಂತರೆ ಬೇಡ. ಮುರಿದ ಜಾಗ ಬೆಳ್ಳಗೆ ಇರಬೇಕು, ಹಳದಿ ತಿರುಗಿ ಎಣ್ಣೆ ಜಿನುಗಿದ ಹಾಗೆ ಕಂಡರೂ ಬೇಡ. ತುಂಡು ಅಗ್ಗ, ಆದರೆ ತುಂಡಾದಷ್ಟೂ ಗಾಳಿ ತಗಲುವ ಜಾಗ ಜಾಸ್ತಿ, ಬೇಗ ಕೆಡುತ್ತದೆ. ಹೋಳನ್ನೇ ಕೊಂಡು ಮನೆಯಲ್ಲಿ ಕತ್ತರಿಸಿ. ತಂದ ದಿನವೇ ಗಟ್ಟಿ ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ತೆಗೆದು ಕಟ್ಟಿ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಡಿ. ಒಂದೂಕಾಲು ಕೆಜಿ ಬೀಜಕ್ಕೆ ಬೇಕಾಗುವ ಜಾಗ ಎಷ್ಟು, ತರಕಾರಿ ಟ್ರೇ ಪಕ್ಕ ಹಿಡಿಯುತ್ತದೆ. ಬಾದಾಮಿ, ಗೋಡಂಬಿ ಇಷ್ಟು ಸೂಕ್ಷ್ಮ ಅಲ್ಲ, ಆದರೂ ಅದರ ಜೊತೆಗೇ ಇರಲಿ.

ಇದುವರೆಗೆ ಹೇಳಿದ್ದಕ್ಕೆಲ್ಲ ಮೈಸೂರಿಗೆ ಒಂದು ಓಡಾಟ ಸಾಕು. ಉಳಿದದ್ದು ಮಂಡ್ಯದಲ್ಲೇ ಸಿಗುತ್ತದೆ. ಡಿಸೆಂಬರ್ ಮೂರನೇ ವಾರ ಸಂತ ಫಿಲೋಮಿನಾ ಚರ್ಚ್ ಸುತ್ತ, ಅರಮನೆ ಸುತ್ತ ರಜೆಗೆ ಬಂದವರ ಗಾಡಿಗಳೇ ತುಂಬಿರುತ್ತವೆ, ಆ ಗದ್ದಲದಲ್ಲಿ ಸಾಮಾನು ಆರಿಸಿ ಕೊಳ್ಳಲು ಆಗುವುದಿಲ್ಲ. ಮೊದಲೇ ಹೋಗಿಬರುವ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ.

ಮೈದಾವನ್ನು ನವೆಂಬರ್ ಮೂರನೇ ವಾರಕ್ಕೆ ತನ್ನಿ, ಒಂದೊಂದು ಕೆಜಿಯ ಸೀಲ್ ಆದ ಪ್ಯಾಕೆಟ್, ಪ್ಯಾಕಿಂಗ್ ತಾರೀಖು ಹತ್ತಿರದ್ದು. ತಂದ ಕೂಡಲೇ ಪ್ಯಾಕೆಟ್ ಒಡೆಯದೆ, ಮೇಲೊಂದು ಪ್ಲಾಸ್ಟಿಕ್ ಕವರ್ ಸುತ್ತಿ ಫ್ರೀಜರ್‌ಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಹುಳುವಿನ ಮೊಟ್ಟೆ ಸಾಯುತ್ತದೆ. ಸಿಂಗಲ್ ಡೋರ್ ಫ್ರಿಜ್‌ನ ಮೇಲಿನ ಪೆಟ್ಟಿಗೆ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ, ಅದಕ್ಕೇ ಒಂದು ವಾರ ಬಿಡಿ. ಜಾಗ ಸಾಲದಿದ್ದರೆ ಎರಡು ಸರದಿ ಮಾಡಿ. ಹೊರಗೆ ತೆಗೆದ ಮೇಲೆ ರಾತ್ರಿಯಿಡೀ ಹಾಗೇ ಬಿಡಿ, ತಣ್ಣಗಿದ್ದಾಗಲೇ ಒಡೆದರೆ ಗಾಳಿಯ ತೇವ ಹಿಟ್ಟಿನ ಮೇಲೆ ನೀರಾಗಿ ಕೂರುತ್ತದೆ. ಡಬ್ಬಿಯಲ್ಲಿ ಲವಂಗ, ಬೇವಿನ ಎಲೆ ಹಾಕುವುದು ಎಲ್ಲರಿಗೂ ಗೊತ್ತು. ಹೊಸ ಹುಳು ಬರುವುದನ್ನು ಅದು ಸ್ವಲ್ಪ ತಡೆಯಬಹುದು, ಒಳಗಿರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಳೆ ಡಬ್ಬಿಯ ಮುಚ್ಚಳದ ಸುರುಳಿಯಲ್ಲಿ ಉಳಿದ ಹಿಟ್ಟನ್ನು ಬ್ರಷ್ ಹಾಕಿ ತೆಗೆದು, ತೊಳೆದು, ಬಿಸಿಲಿಗಿಟ್ಟು ಆಮೇಲೆ ತುಂಬಿ. ಹುಳು ಹೆಚ್ಚಾದ ಮೈದಾಕ್ಕೆ ಒಂದು ಘಾಟು ವಾಸನೆ ಬರುತ್ತದೆ, ಅದನ್ನು ಜರಡಿ ಹಿಡಿದು ಬಳಸುವುದು ಬೇಡವೇ ಬೇಡ. ವಾಸನೆ ಕೇಕ್‌ಗೂ ಬರುತ್ತದೆ. ಹಿಟ್ಟಿನ ಬಗ್ಗೆ ಸರಿಯಾಗಿ ಕಲಿಯಬೇಕು ಅಂತ ಆಸೆ ಇದ್ದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬೇಕರಿ ಕೆಲಸಕ್ಕೆ ಸಣ್ಣ ಅವಧಿಯ ತರಬೇತಿಗಳು ನಡೆಯುತ್ತವೆ, ಮನೆಯಿಂದ ವ್ಯಾಪಾರ ಮಾಡುವವರಿಗೆ ತುಂಬಾ ಉಪಯೋಗ.

ಮೈದಾ ಹೊರಗೆ ಬಂದ ಮೇಲೆ ಫ್ರೀಜರ್ ಖಾಲಿ. ಆಗ ಬೆಣ್ಣೆ ತನ್ನಿ. 4 ಕೆಜಿ ಅಂದರೆ 500 ಗ್ರಾಂನ 8 ಕಟ್ಟು. ಉಪ್ಪಿಲ್ಲದ ಬೆಣ್ಣೆ ನಂದಿನಿ ಮಳಿಗೆಯಲ್ಲಿ ಯಾವಾಗಲೂ ಅಷ್ಟೊಂದು ಇರುವುದಿಲ್ಲ, ವಾರ ಮುಂಚೆ ಹೇಳಿಡಿ. ಉಪ್ಪು ಹಾಕಿದ ಹಳದಿ ಬೆಣ್ಣೆಯೇ ಸಿಕ್ಕಿದರೆ ಅಳತೆಯಲ್ಲಿ ಬೇರೆ ಉಪ್ಪು ಹಾಕಬೇಡಿ, ಅಷ್ಟೇ. ಮನೆಯಲ್ಲಿ ಕಡೆದ ಬೆಣ್ಣೆ ರುಚಿಯೇನೋ ಹೌದು, ಆದರೆ ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ 80ರ ಆಸುಪಾಸು ಇರುತ್ತದೆ, ಮನೆಯದರಲ್ಲಿ ಮಜ್ಜಿಗೆ ನೀರು ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಒಂದು ಕೇಕ್ ಹೀಗೆ, ಇನ್ನೊಂದು ಹಾಗೆ ಆಗುತ್ತದೆ, ಮಾರುವ ಕೇಕ್‌ಗೆ ಅದು ಆಗದು. ಬೆಣ್ಣೆ ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಹಿಡಿಯುತ್ತದೆ. ಫ್ರಿಜ್‌ನಲ್ಲಿ ಮಲ್ಲಿಗೆ ದಂಡೆ ಇಡುವ ಅಭ್ಯಾಸ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ, ಜೊತೆಗೆ ದೋಸೆ ಹಿಟ್ಟು, ಬೆಳ್ಳುಳ್ಳಿ ಪೇಸ್ಟ್. ಕಟ್ಟು ಒಡೆಯದೆ, ಎಲ್ಲವನ್ನೂ ಒಂದು ಮುಚ್ಚಳದ ಡಬ್ಬಿಯೊಳಗೆ ಹಾಕಿ ಫ್ರೀಜರ್‌ನಲ್ಲಿ ಇಡಿ.

ಬೇಕಿಂಗ್ ಪೌಡರ್ ಡಿಸೆಂಬರ್ ಮೊದಲ ವಾರ, ಸೀಲ್ ಇರುವ 100 ಗ್ರಾಂ ಡಬ್ಬಿ. ಅದರೊಳಗೆ ಸೋಡಾ ಇದೆ, ಹುಳಿಯ ಪುಡಿ ಇದೆ, ಎರಡೂ ಸೇರದಂತೆ ಜೋಳದ ಪಿಷ್ಟ ಇದೆ. ತೇವ ಸಿಕ್ಕ ಕೂಡಲೇ ಅವೆರಡೂ ಸೇರಿ ಗ್ಯಾಸ್ ಬಿಡುತ್ತವೆ. ಆ ಗ್ಯಾಸ್ ಕೇಕ್‌ನೊಳಗೆ ಬರಬೇಕು, ಡಬ್ಬಿಯಲ್ಲಿ ಅಲ್ಲ. ಒಲೆ ಮೇಲಿನ ಶೆಲ್ಫ್‌ನಲ್ಲಿ ಇಟ್ಟರೆ ಕುಕ್ಕರ್ ಹಬೆ ಸಾಕು, ಬೇಗ ಶಕ್ತಿ ಹೋಗಬಹುದು. ಕೇಕ್ ಮಾಡುವ ದಿನ ಬೆಳಗ್ಗೆ ಅರ್ಧ ಲೋಟ ಬಿಸಿ ನೀರಿಗೆ ಅರ್ಧ ಚಮಚ ಹಾಕಿ ನೋಡಿ. ತಕ್ಷಣ ಬುಸ್ ಅಂತ ನೊರೆ ಎದ್ದು ಮೇಲೆ ಬಂದರೆ ಚೆನ್ನಾಗಿದೆ. ನಿಧಾನಕ್ಕೆ ನಾಲ್ಕು ಗುಳ್ಳೆ ಬಂದರೆ ಅದನ್ನು ಪಾತ್ರೆ ತಿಕ್ಕಲು ಬಳಸಿ. ಬರೀ ಸೋಡಾ ಆದರೆ ನಿಂಬೆ ರಸ ಹಿಂಡಿ ಇದೇ ಪರೀಕ್ಷೆ ಮಾಡಿ.

ಇನ್ನೊಂದು ವಿಷಯ, ಎಲ್ಲ ಕೇಕನ್ನೂ ಕಡೆ ವಾರಕ್ಕೆ ಇಟ್ಟುಕೊಳ್ಳಬೇಡಿ. ರಮ್ ಕೇಕನ್ನು ಡಿಸೆಂಬರ್ 5ರಿಂದ 10ರೊಳಗೆ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಬಟರ್ ಪೇಪರ್, ಅದರ ಮೇಲೆ ಫಾಯಿಲ್ ಸುತ್ತಿ ತಂಪು ಜಾಗದಲ್ಲಿ ಇಟ್ಟು ವಾರಕ್ಕೊಮ್ಮೆ ಒಂದೆರಡು ಚಮಚ ರಮ್ ಸವರಿದರೆ ರುಚಿ ಕೂಡುತ್ತಾ ಹೋಗುತ್ತದೆ. ರಮ್ ಇಲ್ಲದ್ದನ್ನು ಮಾತ್ರ ಕೊಡುವ ಎರಡು ಮೂರು ದಿನ ಮುಂಚೆ ಮಾಡಿ. ಹೀಗೆ ಎರಡು ಪಾಲು ಮಾಡಿದರೆ 80 ಮೊಟ್ಟೆ ಒಟ್ಟಿಗೆ ತರುವ ಪ್ರಶ್ನೆಯೂ ಇಲ್ಲ. ಚಳಿಗಾಲದಲ್ಲಿ ಮೊಟ್ಟೆ ದರ ಏರುವುದು ವಾಡಿಕೆ, ಆದರೆ ಅದಕ್ಕೆ ಹೆದರಿ ತಿಂಗಳು ಮುಂಚೆ ತಂದಿಟ್ಟರೆ ಬಿಳಿ ನೀರಾಗಿ ಅದರ ನೊರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಪ್ರತಿ ಪಾಲಿಗೂ ಎರಡು ದಿನ ಮುಂಚೆ ತಂದರೆ ಸಾಕು. ತಂದಿಡುವಾಗ ತೊಳೆಯಬೇಡಿ, ಒಡೆಯುವ ಮುಂಚೆ ತೊಳೆಯಿರಿ.

ಕೇಕ್ ಮಾಡುವ ಹಿಂದಿನ ರಾತ್ರಿಯೇ ಬೆಣ್ಣೆಯನ್ನು ಫ್ರೀಜರ್‌ನಿಂದ ಕೆಳಗಿಳಿಸಿ ಫ್ರಿಜ್‌ನಲ್ಲಿ ಇಟ್ಟು, ಬೆಳಗ್ಗೆ ಎದ್ದ ಕೂಡಲೇ ಹೊರಗಿಡಿ. ಡಿಸೆಂಬರ್ ಚಳಿಗೆ ಬೆಣ್ಣೆ ಬೇಗ ಮೆತ್ತಗಾಗುವುದಿಲ್ಲ, ಒತ್ತಿದರೆ ಬೆರಳು ಇಳಿಯುವವರೆಗೆ ಕಾಯಿರಿ. ಮೊಟ್ಟೆ ಫ್ರಿಜ್‌ನಿಂದ ನೇರ ಹಾಕಿದರೆ ಬೆಣ್ಣೆ ಸಕ್ಕರೆ ಒಡೆದುಹೋಗುತ್ತದೆ. ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಇಟ್ಟು ಆಮೇಲೆ ಒಂದೊಂದಾಗಿ ಹಾಕಿ.